ಲಿನಕ್ಸಿನ ಪರದೆಯೂ ಪರರೂಪದ ಅನುಕರಣವೂ

ಕೊಡಗಿನ ದಕ್ಷಿಣ ಭಾಗದಲ್ಲಿ, ಕುಟ್ಟಕ್ಕೆ ಹೋಗುವ ಹಾದಿಯಲ್ಲಿರುವ ಶ್ರೀಮಂಗಲದಂತಹ ಊರಿನಲ್ಲಿಯೂ ಗಣಕಯಂತ್ರವು ಈಗ ಹೊಸ ವಸ್ತುವಲ್ಲ. ತೋಟದ ಚೆಕ್‌ರೋಲು, ಕಾಫಿ ಮೆಣಸುಗಳ ತೂಕದ ಲೆಕ್ಕ, ದೂರದ ನಗರಗಳಲ್ಲಿರುವ ಮಕ್ಕಳ ಪತ್ರಗಳು, ಒಕ್ಕದ ಹಿರಿಯರ ಭಾವಚಿತ್ರಗಳು ಇವೆಲ್ಲವೂ ಅದರೊಳಗೆ ಸೇರಿಕೊಂಡಿವೆ. ಇಂತಹ ಯಂತ್ರಗಳನೇಕವನ್ನು ನಡೆಸುತ್ತಿದ್ದುದು ವಿಂಡೋಸ್ 10 ಎಂಬ ಕಾರ್ಯಾಚರಣೆ ವ್ಯವಸ್ಥೆ. 2025ನೆಯ ಇಸವಿ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪೆನಿಯು ಅದಕ್ಕೆ ಕೊಡುತ್ತಿದ್ದ ಸಾಮಾನ್ಯ ರಕ್ಷಣೆಯನ್ನು ನಿಲ್ಲಿಸಿತು. ಹಣ ತೆತ್ತೋ ಬೇರೆ ಷರತ್ತಿಗೆ ಒಳಪಟ್ಟೋ ಕೆಲಕಾಲ ಅದನ್ನು ಮುಂದುವರಿಸಿಕೊಳ್ಳಬಹುದಾದರೂ, ಅದರ ತರುವಾಯದ ವಿಂಡೋಸ್ 11 ಹಳೆಯ ಯಂತ್ರಗಳನೇಕವನ್ನು ಅಂಗೀಕರಿಸದು. ಯಂತ್ರವು ಗಟ್ಟಿಮುಟ್ಟಾಗಿಯೇ ಇದ್ದರೂ ಅದನ್ನು ಮೂಲೆಗಿರಿಸಿ ಹೊಸದನ್ನು ಕೊಳ್ಳಬೇಕಾದ ಸಂದರ್ಭವು ಗೃಹಸ್ಥನಿಗೆ ಒದಗಿದೆ.

ಇದಕ್ಕಿರುವ ಇನ್ನೊಂದು ಮಾರ್ಗವೇ ಲಿನಕ್ಸ್. ಅದನ್ನು ಬೆಲೆಯಿಲ್ಲದೆ ಪಡೆಯಬಹುದು; ಹಳೆಯ ಯಂತ್ರದಲ್ಲಿಯೂ ಅದು ನಡೆಯಬಲ್ಲುದು. ಆದರೆ ಇಪ್ಪತ್ತು ವರ್ಷ ಒಂದೇ ಪರದೆಯಲ್ಲಿ ಪಳಗಿದ ಕಣ್ಣೂ ಕೈಯೂ ಹೊಸ ಪರದೆಯ ಮುಂದೆ ದಾರಿಗಾಣದೆ ನಿಲ್ಲುವುದು ಸಹಜ. ಆದುದರಿಂದ ಲಿನಕ್ಸ್ ತನ್ನ ಮುಖವನ್ನು ಅನ್ಯ ವ್ಯವಸ್ಥೆಗಳ ಹೋಲಿಕೆಯಲ್ಲಿ ರಚಿಸಿಕೊಳ್ಳಬೇಕೆ, ಇಲ್ಲವೆ ಸ್ವಂತ ರೂಪವನ್ನೇ ತಾಳಬೇಕೆ ಎಂಬ ಪ್ರಶ್ನೆಯು ಕೇವಲ ತಂತ್ರಜ್ಞರ ವಾಗ್ವಾದವಲ್ಲ. ಗೃಹಸ್ಥನ ಹಣಕ್ಕೂ ನೆಮ್ಮದಿಗೂ ಸಂಬಂಧಪಟ್ಟುದು.

ರೂಪದ ಎರವಲು ಕೊಡಗಿನವರಿಗೆ ಅಪರಿಚಿತವಾದ ವಿಷಯವಲ್ಲ. ಲಿಂಗರಾಜೇಂದ್ರನು 1820ರಲ್ಲಿ ಮಡಿಕೇರಿಯಲ್ಲಿ ಕಟ್ಟಿಸಿದ ಓಂಕಾರೇಶ್ವರ ದೇವಾಲಯಕ್ಕೆ ನಡುವೆ ಗುಮ್ಮಟವೂ ನಾಲ್ಕು ಮೂಲೆಗಳಲ್ಲಿ ಗೋಪುರಗಳೂ ಇವೆ. ದೂರದಿಂದ ನೋಡುವವನಿಗೆ ಅದು ಮುಸಲ್ಮಾನರ ಕಟ್ಟಡದಂತೆ ತೋರಿದರೆ ಆಶ್ಚರ್ಯವಿಲ್ಲ. ಆದರೆ ಒಳಹೊಕ್ಕವನಿಗೆ ಅದು ಶಿವಾಲಯವೆಂಬುದರಲ್ಲಿ ಸಂದೇಹವುಳಿಯದು. ಹೊರಗಣ ರೂಪವು ಅನ್ಯರದಾದ ಮಾತ್ರಕ್ಕೆ ಒಳಗಣ ತತ್ತ್ವವು ಅನ್ಯರದಾಗುವುದಿಲ್ಲ. ಗಣಕಯಂತ್ರದ ಪರದೆಯ ಚರಿತ್ರೆಯಲ್ಲಿಯೂ ಇದೇ ನ್ಯಾಯವು ಕಂಡುಬರುತ್ತದೆ.

ಕಿಟಕಿ, ಚಿಹ್ನೆ, ಮೌಸ್ ಎಂಬ ಈಗಿನ ಪರಿವಾರವು ಕ್ಯಾಲಿಫೋರ್ನಿಯಾದ ಜೆರಾಕ್ಸ್ ಸಂಶೋಧನಾಲಯದಲ್ಲಿ 1973ರಲ್ಲಿ ಸಿದ್ಧವಾದ ಆಲ್ಟೋ ಯಂತ್ರದಲ್ಲಿ ಒಂದುಗೂಡಿತು. 1979ರಲ್ಲಿ ಆಪಲ್ ಕಂಪೆನಿಯ ಸ್ಟೀವ್ ಜಾಬ್ಸ್ ಅಲ್ಲಿಗೆ ಹೋಗಿ ಅದನ್ನು ಕಂಡನು. ಆಪಲ್ಲಿನ ಲೀಸಾ 1983ರಲ್ಲಿಯೂ ಮ್ಯಾಕಿಂಟಾಷ್ 1984ರಲ್ಲಿಯೂ ಹೊರಬಂದುವು. ಮೈಕ್ರೋಸಾಫ್ಟಿನ ವಿಂಡೋಸ್ 1985ರಲ್ಲಿ ಬಂದಿತು. ತನ್ನ ರೂಪವನ್ನು ಅಪಹರಿಸಿದರೆಂದು ಆಪಲ್ 1988ರಲ್ಲಿ ಮೈಕ್ರೋಸಾಫ್ಟಿನ ಮೇಲೆ ವ್ಯಾಜ್ಯ ಹೂಡಿತು. ಮರುವರ್ಷವೇ ಜೆರಾಕ್ಸ್ ಆಪಲ್ಲಿನ ಮೇಲೆ ಅದೇ ಬಗೆಯ ದೂರನ್ನು ತಂದಿತು! ಆಪಲ್ ಮುಂದಿಟ್ಟ 189 ಅಂಶಗಳಲ್ಲಿ 179 ಅಂಶಗಳಿಗೆ 1985ರ ಒಪ್ಪಂದವೇ ಅನುಮತಿಯನ್ನಿತ್ತಿದೆಯೆಂದು ನ್ಯಾಯಾಲಯವು ಕಂಡುಕೊಂಡಿತು. ಉಳಿದವುಗಳಲ್ಲಿ ಬಹುಪಾಲು ಯಾರೊಬ್ಬರ ಸ್ವತ್ತಾಗಿಯೂ ಕಾಯ್ದಿರಿಸತಕ್ಕವಲ್ಲವೆಂದಿತು. 1994ರಲ್ಲಿ ಮೇಲಿನ ನ್ಯಾಯಾಲಯದಲ್ಲಿಯೂ ಆಪಲ್ಲಿಗೆ ಸೋಲಾಯಿತು. ಹೀಗೆ ಅನುಕರಣದ ಅಪವಾದವನ್ನು ಲಿನಕ್ಸಿನ ಮೇಲೆ ಹೊರಿಸುವ ದೊಡ್ಡ ಮನೆತನಗಳು ಕೂಡ ಎರವಲಿನ ಬಂಡವಾಳದಿಂದಲೇ ಬೆಳೆದುವು.

ಲಿನಕ್ಸಿನ ಹುಟ್ಟಿನಲ್ಲಿಯೂ ಅನುಕರಣವಿದೆ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಅದನ್ನು ರಚಿಸಿದುದು ಯೂನಿಕ್ಸ್ ಎಂಬ ಹಿರಿಯ ವ್ಯವಸ್ಥೆಯ ಮಾದರಿಯನ್ನು ಅನುಸರಿಸಿಯೇ. ಆದರೆ ಅದರ ರಚನೆಯಲ್ಲಿ ಒಂದು ವಿಶೇಷವುಂಟು. ವಿಂಡೋಸಿನಲ್ಲಿ ಮುಖವೂ ದೇಹವೂ ಒಂದೇ ಕಂಪೆನಿಯ ಕೈಯಿಂದ ಒಟ್ಟಾಗಿ ಬರುತ್ತವೆ; ಲಿನಕ್ಸಿನಲ್ಲಿ ಇವೆರಡೂ ಬೇರೆಬೇರೆ. ದೇಹವು ಹಾಗೆಯೇ ಇರಲು ಮುಖವನ್ನು ಮಾತ್ರ ಬದಲಿಸಬಹುದು. 1995ರಲ್ಲಿ ವಿಂಡೋಸ್ 95 ತನ್ನ ಸ್ಟಾರ್ಟ್ ಗುಂಡಿಯನ್ನೂ ಪರದೆಯ ಕೆಳಗಣ ಪಟ್ಟಿಯನ್ನೂ ಲೋಕಕ್ಕೆ ಪರಿಚಯಿಸಿದ ಸ್ವಲ್ಪಕಾಲದಲ್ಲಿಯೇ ಎಫ್‌ವಿಡಬ್ಲ್ಯೂಎಂ95 ಎಂಬ ಅದರ ಪ್ರತಿರೂಪವು ಲಿನಕ್ಸಿಗೂ ಬಂದಿತು. 1996ರಲ್ಲಿ ಜರ್ಮನಿಯ ಮತಿಯಾಸ್ ಎಟ್ರಿಕ್ ಆರಂಭಿಸಿದ ಕೆಡಿಇ, 1997ರಲ್ಲಿ ಮಿಗೆಲ್ ದೆ ಇಕಾಜಾ ಮತ್ತು ಫೆಡೆರಿಕೋ ಮೆನಾ ಆರಂಭಿಸಿದ ಗ್ನೋಮ್ ಎಂಬ ಎರಡು ಉದ್ಯಮಗಳು ಸಾಮಾನ್ಯ ಜನರಿಗೆ ಒಪ್ಪುವ ಪರದೆಯನ್ನು ಕಟ್ಟಲು ತೊಡಗಿದುವು.

ಅನುಕರಣವು ಎಲ್ಲಿ ಹದ ಮೀರುತ್ತದೆಂಬುದಕ್ಕೆ ಲಿಂಡೋಸಿನ ಕಥೆಯು ತಕ್ಕ ನಿದರ್ಶನ. 2001ರಲ್ಲಿ ಅಮೆರಿಕದಲ್ಲಿ ಮೈಕೆಲ್ ರಾಬರ್ಟ್‌ಸನ್ ಸ್ಥಾಪಿಸಿದ ಈ ಸಂಸ್ಥೆಯು ರೂಪವನ್ನಷ್ಟೇ ಅಲ್ಲದೆ ಹೆಸರಿನ ಧ್ವನಿಯನ್ನೂ ಎರವಲು ತಂದಿತು. ವಿಂಡೋಸಿನ ತಂತ್ರಾಂಶಗಳೂ ಅದರಲ್ಲಿ ನಡೆಯುವುವೆಂಬ ಆಸೆಯನ್ನು ಮೊದಲಿಗೆ ಹುಟ್ಟಿಸಿತು. ಆ ಮಾತು ಹೇಳಿದಷ್ಟು ಸುಲಭವಾಗಿ ನೆರವೇರಲಿಲ್ಲ. ಮೈಕ್ರೋಸಾಫ್ಟ್ ವ್ಯಾಜ್ಯ ಹೂಡಿತು. 2004ರ ರಾಜಿಯಲ್ಲಿ ಮೈಕ್ರೋಸಾಫ್ಟೇ 2 ಕೋಟಿ ಡಾಲರುಗಳನ್ನು ಕೊಡಬೇಕಾಗಿ ಬಂದುದು ವಿಚಿತ್ರವಾದರೂ, ಲಿಂಡೋಸ್ ತನ್ನ ಹೆಸರನ್ನು ಬಿಟ್ಟುಕೊಟ್ಟು ಲಿನ್‌ಸ್ಪೈರ್ ಆಯಿತು. ಪರರ ಹೆಸರಿನ ನೆರಳಿನಲ್ಲಿ ನಿಂತವನಿಗೆ ಸ್ವಂತ ಹೆಸರನ್ನು ಗಳಿಸಿಕೊಳ್ಳುವುದು ಕಷ್ಟ.

ಇದಕ್ಕೆ ಪ್ರತಿಯಾದ ಪ್ರಯೋಗವೂ ನಡೆಯಿತು. 2011ರಲ್ಲಿ ಗ್ನೋಮ್ ತನ್ನ ಮೂರನೆಯ ಆವೃತ್ತಿಯಲ್ಲಿ ಕೆಳಗಣ ಪಟ್ಟಿಯನ್ನೂ ಹಳೆಯ ಪಟ್ಟಿಕೆಗಳನ್ನೂ ತೊರೆದು ತನ್ನದೇ ಆದ ರೂಪವನ್ನು ತಾಳಿತು. ಇದು ಧೈರ್ಯದ ಕಾರ್ಯವೇ ಸರಿ. ಆದರೆ ಪಳಗಿದ ಬಳಕೆದಾರರಲ್ಲಿ ಅನೇಕರು ಮುನಿದರು. ಟೊರ್ವಾಲ್ಡ್ಸನೂ ಬಹಿರಂಗವಾಗಿ ಆಕ್ಷೇಪಿಸಿ ಕೆಲಕಾಲ ಬೇರೊಂದು ಪರದೆಯನ್ನು ಆಶ್ರಯಿಸಿದನು. ಹಳೆಯ ಗ್ನೋಮನ್ನೇ ಮುಂದುವರಿಸಲು ಮಾಟೆ ಹುಟ್ಟಿತು. ಲಿನಕ್ಸ್ ಮಿಂಟ್ ಬಳಗದವರು ಹಳೆಯ ವಿನ್ಯಾಸವನ್ನು ಉಳಿಸಿಕೊಂಡ ಸಿನಮನ್ನನ್ನು ರಚಿಸಿದರು. ಇಲ್ಲಿ ಗಮನಿಸತಕ್ಕುದೇನೆಂದರೆ, ಮುನಿದವರು ಕೇಳಿದುದು ವಿಂಡೋಸಿನ ಹೋಲಿಕೆಯನ್ನಲ್ಲ. ತಮ್ಮ ಕೈಯ ರೂಢಿಯನ್ನು. ಜನರು ಪರರೂಪವನ್ನು ಬಯಸುತ್ತಾರೆಂದು ತೋರುವ ಎಡೆಗಳಲ್ಲಿ ಅವರು ಬಹುಮಟ್ಟಿಗೆ ಬಯಸುವುದು ರೂಢಿಯನ್ನೇ.

ರೂಢಿಯೇ ಇಲ್ಲದವರ ಮುಂದೆ ಲಿನಕ್ಸನ್ನು ಇರಿಸಿದರೆ ಏನಾಗುವುದೆಂಬುದನ್ನು ಕಾಣಲು ಶ್ರೀಮಂಗಲದವರು ದೂರ ಹೋಗಬೇಕಾದುದಿಲ್ಲ. ಕುಟ್ಟವನ್ನು ಹಾದು ಗಡಿಯನ್ನು ದಾಟಿದರೆ ತೋಲ್ಪೆಟ್ಟಿ. ಅಲ್ಲಿಂದಾಚೆಗೆ ಕೇರಳದ ವಯನಾಡು. ಆ ರಾಜ್ಯದಲ್ಲಿ 2001ರಲ್ಲಿ ಮೊದಲಾದ ಐಟಿ ಅಟ್ ಸ್ಕೂಲ್ ಯೋಜನೆಯು ಕೆಲವೇ ವರ್ಷಗಳಲ್ಲಿ ಸ್ವತಂತ್ರ ತಂತ್ರಾಂಶದ ಕಡೆಗೆ ತಿರುಗಿ, ಶಾಲೆಗಳಿಗೆಂದೇ ಅಳವಡಿಸಿದ ಲಿನಕ್ಸನ್ನು ಬಳಕೆಗೆ ತಂದಿತು. 2017ರಲ್ಲಿ ಅದು ಕೈಟ್ ಎಂಬ ಸಂಸ್ಥೆಯಾಯಿತು. 2019ರಲ್ಲಿ ಹೊಸ ಆವೃತ್ತಿಯನ್ನು ಹೊರತಂದಾಗ ಅದು 2 ಲಕ್ಷಕ್ಕೂ ಮಿಕ್ಕ ಯಂತ್ರಗಳಿಗೆ ಉದ್ದೇಶಿತವಾದುದೆಂದೂ, ಇದರಿಂದ ಸುಮಾರು 3,000 ಕೋಟಿ ರೂಪಾಯಿಗಳ ಉಳಿತಾಯವಾಗುವುದೆಂದೂ ವರದಿಯಾಯಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಇದೇ ಪಾಠಕ್ರಮದಲ್ಲಿ ಕಲಿಯುತ್ತಾರೆ. ಆ ಮಕ್ಕಳ ಪಾಲಿಗೆ ಲಿನಕ್ಸಿನ ಪರದೆಯು ಯಾವುದರ ಪ್ರತಿಬಿಂಬವೂ ಅಲ್ಲ. ಅದೇ ಮೊದಲನೆಯ ಪರದೆ. ಮರೆಯಬೇಕಾದುದೇನೂ ಇಲ್ಲದವರಿಗೆ ಹೋಲಿಕೆಯ ಆಸರೆಯೂ ಬೇಡ.

ಆದರೆ ರೂಢಿಯುಳ್ಳವರಿಗೆ ಆಸರೆ ಬೇಕು. ಅದರ ಉತ್ತಮ ನಿದರ್ಶನವು ಕನ್ನಡದಲ್ಲಿಯೇ ಇದೆ. ಕೆ. ಪಿ. ರಾಯರು ಇಂಗ್ಲಿಷ್ ಕೀಲಿಮಣೆಯ ಮೇಲೆ ಧ್ವನಿಗನುಸಾರವಾಗಿ ಕನ್ನಡದ ಅಕ್ಷರಗಳನ್ನು ಹೊಂದಿಸಿದ ಕ್ರಮವು ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಮೂಲಕ ಕಚೇರಿ ಕಚೇರಿಗಳಲ್ಲಿ ಬೇರೂರಿತು. ಕರ್ಣಾಟಕ ಸರ್ಕಾರವೂ ಅದಕ್ಕೆ ಮಾನ್ಯತೆಯನ್ನಿತ್ತಿತು. ವಿಂಡೋಸಿನಲ್ಲಿ ಪಳಗಿದ ಈ ಬೆರಳುಗಳಿಗಾಗಿ ಲಿನಕ್ಸಿನಲ್ಲಿಯೂ ‘ಕಗಪ’ ಎಂಬ ಹೆಸರಿನ ಕೀಲಿಮಣೆ ವಿನ್ಯಾಸವನ್ನು ಸೇರಿಸಲಾಗಿದೆ. ಗುಮಾಸ್ತನು ಹೊಸ ವ್ಯವಸ್ಥೆಯ ಮುಂದೆ ಕುಳಿತರೂ ‘ಕ’ ಎಂಬುದು ತಾನು ಅರಸಿದಲ್ಲಿಯೇ ದೊರೆಯುತ್ತದೆ. ಇಲ್ಲಿ ವಂಚನೆಯಿಲ್ಲ, ವೇಷವಿಲ್ಲ. ಕಲಿತ ವಿದ್ಯೆಯು ವ್ಯರ್ಥವಾಗದಂತೆ ಮಾಡಿದ ಏರ್ಪಾಟು ಮಾತ್ರ. ಕಾಂಕ್ರೀಟಿನ ಹೊಸ ಮನೆಯ ಕೈಯಾಲೆಯಲ್ಲಿಯೂ ಐಮರವನ್ನಿರಿಸಿದರೆ ಹಿರಿಯರು ಬಂದೊಡನೆ ಅಲ್ಲಿ ಕುಳಿತುಕೊಳ್ಳುವರು. ಅದರಿಂದ ಮನೆಯು ಹಳೆಯದೆಂದು ಯಾರೂ ಮೋಸಹೋಗುವುದಿಲ್ಲ.

ವಿಂಡೋಸ್ 10ರ ರಕ್ಷಣೆ ನಿಂತ ದಿನವೇ ಐರ್ಲೆಂಡಿನ ಜೋರಿನ್ ಎಂಬ ಲಿನಕ್ಸ್ ತನ್ನ 18ನೆಯ ಆವೃತ್ತಿಯನ್ನು ಹೊರಡಿಸಿತು. ಪರದೆಯ ವಿನ್ಯಾಸವನ್ನು ಬಳಸುವವನು ತನ್ನ ರೂಢಿಗನುಸಾರವಾಗಿ ಆರಿಸಿಕೊಳ್ಳುವುದು ಅದರ ಕ್ರಮ. ಇಂತಹ ಹೋಲಿಕೆಯು ಹೊಸ್ತಿಲನ್ನು ದಾಟಲು ನೆರವಾಗುವುದು ನಿಜ. ಆದರೆ ಒಳಗಣ ಭೇದವನ್ನು ಅದು ಮರೆಸಬಾರದು. ಉದಾಹರಣೆಗೆ, ಟ್ಯಾಲಿಯಂತಹ ಲೆಕ್ಕದ ತಂತ್ರಾಂಶವು ವಿಂಡೋಸಿಗೆಂದು ರಚಿತವಾದುದು. ಲಿನಕ್ಸಿನ ಮುಖವು ಎಷ್ಟೇ ವಿಂಡೋಸನ್ನು ಹೋತರೂ ಅದು ಅಲ್ಲಿ ತಾನಾಗಿ ನಡೆಯದು. ಪರಿಚಿತವಾದ ಗುಂಡಿಯನ್ನು ನಂಬಿ ಒಳಬಂದ ಗೃಹಸ್ಥನು ಕೊಯ್ಲಿನ ಲೆಕ್ಕ ಮುಗಿಸಬೇಕಾದ ಸಂಜೆ ಇದನ್ನು ಅರಿತುಕೊಂಡರೆ, ಅವನ ಕೋಪವು ವೇಷದ ಮೇಲಲ್ಲದೆ ಇನ್ನಾವುದರ ಮೇಲೂ ಆಗದು.

ಆದುದರಿಂದ ಲಿನಕ್ಸ್ ಅನ್ಯರನ್ನು ಹೋಲಬೇಕೆ ಎಂಬುದಕ್ಕೆ, ಪರದೆಯ ಮುಂದೆ ಕುಳಿತಿರುವವರು ಯಾರೆಂಬುದನ್ನು ನೋಡಿ ಉತ್ತರವೀಯಬೇಕು. ಮೊದಲಬಾರಿಗೆ ಕಲಿಯುವ ಬಾಲಕನಿಗೆ ಅದರ ಸ್ವರೂಪವನ್ನೇ ಕಲಿಸುವುದು ಯುಕ್ತ. ಪಳಗಿದ ಹಿರಿಯರಿಗೆ ಗುಂಡಿಯೂ ಪಟ್ಟಿಯೂ ಕೀಲಿಗಳೂ ಕೈಗೆ ಸಿಕ್ಕುವ ಎಡೆಯಲ್ಲಿಯೇ ಇರಲಿ. ಆದರೆ ಇದು ಬೇರೆ ವ್ಯವಸ್ಥೆ, ಇಂತಿಂತಹ ಕೆಲಸಗಳು ಇದರಲ್ಲಿ ಆಗುವುವು, ಇಂತಿಂತಹವು ಆಗವು ಎಂದು ಮೊದಲೇ ತಿಳಿಸತಕ್ಕುದು. ಮನೆಯ ಹಳೆಯ ಯಂತ್ರವನ್ನು ಮೂಲೆಗೆ ಹಾಕುವ ಮುನ್ನ ಒಂದು ದಿನ ಬಿಡುವು ಮಾಡಿಕೊಂಡು, ಲೆಕ್ಕಪತ್ರಗಳ ಪ್ರತಿಯನ್ನು ಬೇರೆಡೆಯಲ್ಲಿ ಭದ್ರಪಡಿಸಿ, ಈ ಪರೀಕ್ಷೆಯನ್ನು ಮಾಡಿನೋಡುವುದು ಗೃಹಸ್ಥರಿಗೆ ಲಾಭಕರವಾದೀತು.