ಪಿಕಪ್ ವಾಹನಗಳಲ್ಲಿ ಎಂಜಿನ್ ಶಕ್ತಿ ಆಗಾಗ್ಗೆ ಕುಂದುವ ದೋಷ: ಪತ್ತೆ ಮಾಡುವ ಕ್ರಮ

8 ವರ್ಷ ಮೀರಿದ ಸರಕು ಸಾಗಣೆ ವಾಹನಗಳ ಅರ್ಹತಾ ಪತ್ರವನ್ನು ಪ್ರತಿ ವರ್ಷ ನವೀಕರಿಸಬೇಕಾಗಿರುತ್ತದೆ. ಡೀಸೆಲ್ ಪಿಕಪ್‌ಗಳಲ್ಲಿ ಶಕ್ತಿ ಕುಂದುವ ದೋಷವು ಖಾಲಿ ವಾಹನದಲ್ಲಿ, ಸಮತಟ್ಟಾದ ನೆಲದ ಮೇಲೆ ಸಾಮಾನ್ಯವಾಗಿ ಕಂಡುಬರುವುದಿಲ್ಲ. ಭಾರ ಹೇರಿ ಘಟ್ಟ ಏರುವಾಗಲೇ ಪ್ರಕಟವಾಗುತ್ತದೆ. ಆದುದರಿಂದ ದೋಷ ಕಂಡ ಸಮಯ, ಭಾರ, ವೇಗ, ಹೊಗೆಯ ಬಣ್ಣ ಹಾಗೂ ಎಚ್ಚರಿಕೆ ದೀಪ ಬೆಳಗಿತೇ ಎಂಬುದನ್ನು ಚಾಲಕರು ಅಂದೇ ಬರೆದಿಡತಕ್ಕದ್ದು.

ಏರಿನಲ್ಲಿ ಇಳಿದ ಶಕ್ತಿಯು ಕೆಲ ನಿಮಿಷ ನಿಲ್ಲಿಸಿದ ನಂತರ ಮರಳಿದರೆ ಡೀಸೆಲ್ ಫಿಲ್ಟರ್ ಕಟ್ಟಿಕೊಂಡಿರುವ ಸಂಭವ ಹೆಚ್ಚು. ಅದರ ತಳದಲ್ಲಿ ನಿಂತ ನೀರನ್ನೂ ಹೊರಬಿಡಬೇಕು. ಟ್ಯಾಂಕಿನ ಮುಚ್ಚಳ ತೆರೆದಾಗ ಗಾಳಿ ಒಳನುಗ್ಗುವ ಸದ್ದು ಕೇಳಿ, ಬಳಿಕ ವಾಹನ ಸರಿಯಾಗಿ ಓಡಿದಲ್ಲಿ ಟ್ಯಾಂಕಿನ ಗಾಳಿಕಿಂಡಿ ಮುಚ್ಚಿದೆಯೇ ಎಂದು ನೋಡತಕ್ಕದ್ದು. ಕಪ್ಪು ಹೊಗೆಯೊಂದಿಗೆ ಸಿಳ್ಳೆಯಂತಹ ಶಬ್ದವಿದ್ದಲ್ಲಿ ಟರ್ಬೊ ಕೊಳವೆ ಸೀಳಿರಬಹುದು. ಎಚ್ಚರಿಕೆ ದೀಪ ಬೆಳಗಿದ್ದರೆ ದೋಷ ಸಂಕೇತವನ್ನು ಸ್ಕ್ಯಾನರ್‌ನಲ್ಲಿ ಓದಿಸಿ, ಸೆನ್ಸರ್ ತಂತಿಗಳ ಜೋಡಣೆ ಸಡಿಲವಾಗಿದೆಯೇ ಎಂದು ಪರಿಶೀಲಿಸುವುದು.

ಇಷ್ಟನ್ನೂ ನೋಡದೆ ಮೊದಲೇ ಪಂಪು, ಇಂಜೆಕ್ಟರ್‌ಗಳನ್ನು ಬದಲಾಯಿಸುವುದು ಸರಿಯಲ್ಲ. ಬಾಡಿಗೆಯನ್ನೇ ನಂಬಿದ ಮಾಲೀಕರಿಗೆ ಅದು ಸಣ್ಣ ಮೊತ್ತವಲ್ಲ. ದುರಸ್ತಿಯ ನಂತರ, ಅನುಮತಿಸಿದ ಭಾರದೊಂದಿಗೆ ಏರಿನಲ್ಲಿ ಓಡಿಸಿ ನೋಡಿ, ಆ ಮೇಲೆ ವಾಹನವನ್ನು ತಪಾಸಣೆಗೆ ಹಾಜರುಪಡಿಸತಕ್ಕದ್ದು.