ಮಲ್ಲಿಗೆಯ ಬುಟ್ಟಿ, ಅದಿರಿನ ಲಾರಿ

ನಮ್ಮೂರು ಹೂವಿನಹಡಗಲಿ. ಇಲ್ಲಿಯ ಮಲ್ಲಿಗೆ ತುಂಗಭದ್ರೆಯ ಮೇಲೆ ಹಡಗಿನಲ್ಲಿ ವಿಜಯನಗರಕ್ಕೆ ಹೋಗುತ್ತಿತ್ತು, ಅದಕ್ಕೇ ಈ ಹೆಸರು ಬಂತು ಎಂದು ಹಿರಿಯರು ಹೇಳುತ್ತಾರೆ. ಐತಿಹ್ಯವಾದರೂ ಅದರಲ್ಲೊಂದು ನಿಜವಿದೆ: ಊರಿನ ಬದುಕು ಅದರ ಸರಕು ಹೋಗುವ ದಾರಿಯನ್ನು ನಂಬಿಕೊಂಡಿರುತ್ತದೆ. ನನ್ನ ಬಾಲ್ಯಕ್ಕೆ ಆ ದಾರಿ ನದಿಯಾಗಿರಲಿಲ್ಲ, ಹೊಸಪೇಟೆಯ ಬಸ್ಸಾಗಿತ್ತು. ಅವ್ವ ನಸುಕಿನಲ್ಲೇ ಮೊಗ್ಗು ಬಿಡಿಸಿ, ಒದ್ದೆ ಬಟ್ಟೆ ಮುಚ್ಚಿದ ಬುಟ್ಟಿಯನ್ನು ಮೊದಲ ಬಸ್ಸಿಗೆ ಏರಿಸುತ್ತಿದ್ದಳು. ಅರಳುವ ಮುಂಚೆ ಮೊಗ್ಗು ಪೇಟೆ ಮುಟ್ಟಬೇಕು. ಅರಳಿತೆಂದರೆ ಬೆಲೆ ಇಳಿಯಿತೆಂದೇ ಲೆಕ್ಕ.

ನಮ್ಮ ಜಿಲ್ಲೆಯ ಇನ್ನೊಂದು ಸರಕು ಅದಿರು. ರಾಬರ್ಟ್ ಬ್ರೂಸ್ ಫೂಟ್ ಬಳ್ಳಾರಿ ಜಿಲ್ಲೆಯ ಭೂವಿಜ್ಞಾನದ ಗ್ರಂಥವನ್ನು ಪ್ರಕಟಿಸಿದ್ದು 1895ರಲ್ಲಿ. ಹೊಸಪೇಟೆಯಿಂದ ಕೊಟ್ಟೂರಿಗೆ ರೈಲು ಬಂದದ್ದು 1905ರಲ್ಲಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಸಂಡೂರಿನ ಮ್ಯಾಂಗನೀಸ್ ಹೊರದೇಶಕ್ಕೆ ಹೊರಟಿತ್ತು. 1977ರಲ್ಲಿ ಶುರುವಾದ ದೋಣಿಮಲೆಯ ಗಣಿಯಲ್ಲಿ ಕಬ್ಬಿಣದ ಅದಿರು ಕನ್ವೇಯರ್ ಬೆಲ್ಟಿನ ಮೇಲೆ ಇಳಿದು ರೈಲು ಸೇರುತ್ತಿತ್ತು. ದೊಡ್ಡ ಭಾರಕ್ಕೆ ಬೇರೆ ದಾರಿ ಬೇಕೆಂಬುದು ಹಿಂದಿನವರಿಗೆ ಗೊತ್ತಿತ್ತು.

ಆ ವಿವೇಕ ಮರೆತುಹೋದದ್ದು ಈ ಶತಮಾನದ ಮೊದಲ ದಶಕದಲ್ಲಿ. ಚೀನಾದ ಉಕ್ಕಿನ ಹಸಿವಿಗೆ ಅದಿರಿನ ಬೆಲೆ ಏರಿತು. ಸಂಡೂರು, ಹೊಸಪೇಟೆಯಿಂದ ಲಾರಿಗಳು ಸಾಲುಗಟ್ಟಿ ಬೇಲೆಕೇರಿ, ಮಂಗಳೂರುಗಳ ಬಂದರಿಗೆ ಹೊರಟವು. ಮರಿಯಮ್ಮನಹಳ್ಳಿಯ ಹತ್ತಿರ ನಮ್ಮ ಬಸ್ಸು ಆ ಸಾಲಿನ ಹಿಂದೆ ನಿಂತರೆ ಯಾವಾಗ ಹೊರಡುವುದೋ ಹೇಳುವಂತಿರಲಿಲ್ಲ. ಎಷ್ಟೋ ಸಲ ಅವ್ವನ ಮೊಗ್ಗು ಬುಟ್ಟಿಯಲ್ಲೇ ಅರಳಿತು. ಬಿಳಿ ಹೂವಿನ ಮೇಲೆ ಕೆಂಪು ಧೂಳು ಕೂತಿತು.

ಆಗ ನಾನು ಸಂಡೂರಿನ ಕಡೆಯ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದೆ. 2006-07ರಿಂದ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡತೊಡಗಿತು. ದೂರದ ಹಳ್ಳಿಯ ಹುಡುಗಿಯರಿಗೆ ಅದರಿಂದ ರೆಕ್ಕೆ ಬಂದ ಹಾಗಾಗಿತ್ತು. ಆದರೆ ಸೈಕಲ್ ಬಂದ ಕಾಲಕ್ಕೆ ಸರಿಯಾಗಿ ರಸ್ತೆ ಲಾರಿಗಳ ಪಾಲಾಗಿತ್ತು. ನನ್ನ ತರಗತಿಯ ಒಬ್ಬ ಜಾಣ ಹುಡುಗಿ ಬರುವುದನ್ನು ನಿಲ್ಲಿಸಿದಳು. ಮನೆಗೆ ಹೋದೆ. ಹೊಸ ಸೈಕಲ್ ದನದ ಕೊಟ್ಟಿಗೆಯಲ್ಲಿ ಗೋಡೆಗೆ ಒರಗಿತ್ತು. ಅವಳ ಅಪ್ಪ ಒಂದೇ ಮಾತು ಕೇಳಿದ: "ಆ ಲಾರಿ ನಡುವ ಕಳಿಸ್ತೀನ್ರೀ ಅಕ್ಕಾರೆ, ನೀವು ಜವಾಬ್ದಾರಿ ತಗೊಂತೀರೇನು?" ನಾನು ಉತ್ತರ ಹೇಳಲಿಲ್ಲ. ಕೊಟ್ಟ ಚಹಾ ಕುಡಿದು ಎದ್ದು ಬಂದೆ. ಆ ಹುಡುಗಿ ಮತ್ತೆ ಶಾಲೆಗೆ ಬರಲಿಲ್ಲ.

ಮುಂದಿನದು ನಾಡಿಗೆ ತಿಳಿದ ಇತಿಹಾಸ. ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು 2008ರಲ್ಲಿ ಮತ್ತು 2011ರಲ್ಲಿ ವರದಿ ಕೊಟ್ಟರು. ಮಿತಿಮೀರಿ ಭಾರ ಹೇರಿದ ಲಾರಿಗಳ ಸಂಗತಿಯೂ ಅವುಗಳಲ್ಲಿ ಬಂತು. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು. ರಸ್ತೆ ಒಮ್ಮೆಲೇ ಬರಿದಾಯಿತು. ಲಾರಿಯ ಸಾಲ ತೀರಿಸಲಾಗದೆ ಎಷ್ಟೋ ಮನೆಗಳು ಕಣ್ಣೀರಿಟ್ಟದ್ದೂ ಸುಳ್ಳಲ್ಲ. 2013ರ ತೀರ್ಪಿನ ನಂತರ ಗಣಿಗಳು ಷರತ್ತಿನ ಮೇಲೆ ತೆರೆದುಕೊಂಡವು. ಬಳ್ಳಾರಿಯ ವಾರ್ಷಿಕ ಮಿತಿಯನ್ನು ಕೋರ್ಟು 2022ರಲ್ಲಿ 3.5 ಕೋಟಿ ಟನ್ನಿಗೆ ಏರಿಸಿತು. ಗಣಿಬಾಧಿತ ಪ್ರದೇಶದ ಪುನಶ್ಚೇತನದ ಹಣ ಸರಿಯಾಗಿ ಬಳಕೆಯಾಗುವಂತೆ ನೋಡಿಕೊಳ್ಳಲು ಅದೇ ವರ್ಷ ನಿವೃತ್ತ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿಯವರನ್ನು ನೇಮಿಸಿತು. 2021ರಲ್ಲಿ ನಮ್ಮ ಹಡಗಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ಈಗ ಎಲ್ಲೆಡೆ ರಸ್ತೆಯ ಯೋಜನೆಗಳ ಮಾತು.

ಅಂಥ ಒಂದು ಸಭೆಗೆ ನಾನೂ ಹೋಗಿದ್ದೆ. ರಸ್ತೆಯ ಅಗಲವನ್ನು ಹೇಳಿದರು, ಲಾರಿಗಳ ಲೆಕ್ಕವನ್ನೂ ಹೇಳಿದರು. ನಡೆದು ಹೋಗುವವರ ಲೆಕ್ಕ ಎಲ್ಲಿ ಎಂದು ಕೇಳಿದೆ. "ಅಗಲ ಆದ್ರೆ ಎಲ್ಲಾ ಸರಿ ಆಗುತ್ತೆ ಮೇಡಂ" ಎಂದರು.

ಸರಿಯಾಗುವುದಿಲ್ಲ. ಅಗಲವಾದ ರಸ್ತೆಯಲ್ಲಿ ಲಾರಿಯ ವೇಗ ಏರುತ್ತದೆ, ದಾಟುವ ಮಗುವಿಗೆ ದೂರವೂ ಹೆಚ್ಚುತ್ತದೆ. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ರಸ್ತೆಗಳ ಮೇಲೆ ಲಾರಿ ಓಡಿಸಿ ಪರೀಕ್ಷೆ ನಡೆಸಿದರು. ಒಂದು ಅಚ್ಚಿನ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಯ ಸವೆತ ಸುಮಾರು 16 ಪಟ್ಟಾಗುತ್ತದೆ ಎಂದು ಅದರಿಂದ ತಿಳಿಯಿತು. ಮಕ್ಕಳಿಗೆ ನಾನಿದನ್ನು ಕರಿಹಲಗೆಯ ಮೇಲೆ ಎರಡನ್ನು ನಾಲ್ಕು ಸಲ ಬರೆದು ಗುಣಿಸಿ ತೋರಿಸುತ್ತೇನೆ. ತೂಕದ ಮೇಲೆ ಹಿಡಿತವಿಲ್ಲದಿದ್ದರೆ ಎಷ್ಟು ಡಾಂಬರು ಹಾಕಿದರೂ ಗುಂಡಿ ತಪ್ಪದು.

ಆದ್ದರಿಂದ ಯೋಜಿಸುವವರು ಮೊದಲು ಕೇಳಬೇಕಾದ್ದು, ಈ ಭಾರ ರೈಲಿಗೋ ಬೆಲ್ಟಿಗೋ ಹೋಗಬಹುದೇ ಎಂದು. ಆಗದಿದ್ದರೆ ಊರ ಹೊರಗೆ ಬೇರೆ ದಾರಿ ಇರಲಿ. ಅದೂ ಆಗದೆ ಒಂದೇ ರಸ್ತೆ ಹಂಚಿಕೊಳ್ಳಬೇಕಾದರೆ ತೂಕದ ತಪಾಸಣೆಯಾಗಲಿ, ಲಾರಿಗೆ ತಾಡಪಾಲು ಹೊದಿಸಲಿ, ಶಾಲೆ ಸೇರುವ ಮತ್ತು ಬಿಡುವ ಹೊತ್ತಿಗೆ ಲಾರಿ ನಿಲ್ಲಲಿ, ಅಂಚಿನಲ್ಲಿ ಸೈಕಲ್ಲಿಗೆ ಕಟ್ಟೆ ಕಟ್ಟಿದ ದಾರಿ ಇರಲಿ. ಕಲ್ಲುಗಣಿಯ ಲಾರಿಗೂ ಮರಳಿನ ಲಾರಿಗೂ ಇದೇ ಮಾತು.

ಲಾರಿ ಬೇಡವೆಂದು ನಾನು ಹೇಳುವುದಿಲ್ಲ. ನಮ್ಮ ಶಾಲೆಯ ಕಿಟಕಿಯ ಸರಳೂ ಕಬ್ಬಿಣದ್ದೇ. ಆದರೆ ರಸ್ತೆಯಲ್ಲಿ ಹೋಗುವುದನ್ನು ಎಣಿಸಲು ಕೂತವರು, ಹೆದರಿ ರಸ್ತೆಗೇ ಇಳಿಯದವರನ್ನೂ ಎಣಿಸಬೇಕು. ಕೊಟ್ಟಿಗೆಯಲ್ಲಿ ನಿಂತಿದ್ದ ಆ ಸೈಕಲ್ ಯಾವ ಲೆಕ್ಕದಲ್ಲೂ ಬರಲಿಲ್ಲ. ಅವಳ ಅಪ್ಪ ಕೇಳಿದ ಮಾತಿಗೆ ನಾನು ಇಂದಿಗೂ ಉತ್ತರ ಕೊಟ್ಟಿಲ್ಲ.