ಅಶ್ವಶಕ್ತಿ: ಹೇಳಿದ್ದೆಷ್ಟು, ಎಳೆದದ್ದೆಷ್ಟು?



‘ಒಂದು ಅಶ್ವಶಕ್ತಿ ಎಂದರೆ 746 ವ್ಯಾಟ್’ ಎಂದು ಬರೆಸಿ ಮುಂದಿನ ಪಾಠಕ್ಕೆ ಹೋಗುವುದು ನನ್ನ ರೂಢಿಯಾಗಿತ್ತು. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ, ‘ಸರ್, ಎಂಜಿನ್ ಮಾರುವವರು ಇಷ್ಟು ಅಶ್ವಶಕ್ತಿ ಎಂದರೆ ನಂಬುವುದು ಹೇಗೆ?’ ಎಂದು ಕೇಳಿದ. ಪರೀಕ್ಷೆಗೆ ಬರದ ಪ್ರಶ್ನೆಯೆಂದು ಗದರಿಸಿ ಕೂರಿಸಿದೆ. ಆ ಉತ್ತರದ ಸಾಲವನ್ನು ಇಂದು ತೀರಿಸುತ್ತಿದ್ದೇನೆ.

ಜೇಮ್ಸ್ ವ್ಯಾಟ್ 18ನೆಯ ಶತಮಾನದ ಕೊನೆಯಲ್ಲಿ ತನ್ನ ಉಗಿಯಂತ್ರಗಳನ್ನು, ಅದುವರೆಗೆ ಕುದುರೆಗಳಿಂದ ಕೆಲಸ ತೆಗೆಯುತ್ತಿದ್ದವರಿಗೆ ಮಾರಬೇಕಿತ್ತು. ಆದ್ದರಿಂದ ಅವರು ಬಲ್ಲ ಕುದುರೆಯನ್ನೇ ಅಳತೆಗೋಲಾಗಿಸಿದ: ನಿಮಿಷವೊಂದರಲ್ಲಿ 33,000 ಪೌಂಡ್ ಭಾರವನ್ನು ಒಂದು ಅಡಿ ಎತ್ತುವ ಸಾಮರ್ಥ್ಯವೇ ಒಂದು ಅಶ್ವಶಕ್ತಿ. 1821ರಲ್ಲಿ ಫ್ರಾನ್ಸಿನ ಪ್ರೋನಿ ಎಂಬ ಎಂಜಿನಿಯರ್, ತಿರುಗುವ ದಂಡಕ್ಕೆ ಬ್ರೇಕು ಬಿಗಿದು ಅದರ ತೋಳಿಗೆ ತೂಕ ಕಟ್ಟಿ, ಯಂತ್ರದ ತಿರುಗುಬಲವನ್ನು ಅಳೆದು ತೋರಿಸಿದ. ಇಂದಿನ ಡೈನಮೊಮೀಟರಿನ ಹಿರಿಯಜ್ಜ ಅದೇ.

ಅಳೆಯುವ ಸಾಧನ ಬಂದರೂ ಸುಳ್ಳು ನಿಲ್ಲಲಿಲ್ಲ. ಅಮೆರಿಕದ ನೆಬ್ರಾಸ್ಕಾದ ವಿಲ್ಮಟ್ ಕ್ರೋಜಿಯರ್ ಎಂಬ ರೈತ, ಹೇಳಿದಷ್ಟು ಕೆಲಸ ಮಾಡದ ಟ್ರ್ಯಾಕ್ಟರುಗಳನ್ನು ಕೊಂಡು ನೊಂದಿದ್ದ. ಶಾಸನಸಭೆಗೆ ಆಯ್ಕೆಯಾದ ಮೇಲೆ, ಪರೀಕ್ಷೆಯಾಗದ ಹೊಸ ಮಾದರಿಯ ಟ್ರ್ಯಾಕ್ಟರನ್ನು ಆ ರಾಜ್ಯದಲ್ಲಿ ಮಾರಕೂಡದೆಂಬ ಕಾಯಿದೆಯನ್ನು 1919ರಲ್ಲಿ ತಂದ. ಮರುವರ್ಷ ಲಿಂಕನ್ ನಗರದ ವಿಶ್ವವಿದ್ಯಾಲಯದಲ್ಲಿ ಮೊದಲು ಪರೀಕ್ಷೆಗೆ ನಿಂತದ್ದು ‘ವಾಟರ್‌ಲೂ ಬಾಯ್’. ಅಲ್ಲಿ ಎಂಜಿನ್ ಕೊಡುವ ಶಕ್ತಿ ಬೇರೆ, ನೆಲದ ಮೇಲೆ ಎಳೆಯುವ ಶಕ್ತಿ ಬೇರೆ ಎಂದು ಎರಡನ್ನೂ ಅಳೆದರು. ಚಕ್ರ ಜಾರಿದಷ್ಟೂ ಶಕ್ತಿ ಸೋರುತ್ತದೆಯಷ್ಟೆ!

ಈ ವ್ಯತ್ಯಾಸ ಕಣ್ಣಿಗೆ ಕಾಣುವುದು ಅಮೆರಿಕದ ಎಳೆತದ ಪಂದ್ಯಗಳಲ್ಲಿ. ರೈತರ ಟ್ರ್ಯಾಕ್ಟರುಗಳಿಂದ ಆರಂಭವಾದ ಈ ಆಟಕ್ಕೆ 1969ರಲ್ಲಿ ರಾಷ್ಟ್ರೀಯ ಸಂಘವೊಂದು ಹುಟ್ಟಿ ನಿಯಮಗಳು ಒಂದಾದವು. ಮುಂದೆ ಡೀಸೆಲ್ ಟ್ರಕ್ಕುಗಳೂ ಸೇರಿದವು. ಹಿಂದೆ ಕಟ್ಟಿದ ಬಂಡಿಯಲ್ಲಿ ಭಾರದ ಪೆಟ್ಟಿಗೆ ಮುಂದೆ ಮುಂದೆ ಸರಿಯುವುದರಿಂದ, ಸಾಗಿದಷ್ಟೂ ಎಳೆತ ಕಠಿಣವಾಗುತ್ತದೆ. ಸಾಮಾನ್ಯವಾಗಿ 300 ಅಡಿ ಮುಟ್ಟಿದರೆ ಪೂರ್ಣ ಎಳೆತ.

ಡೈನಮೊಮೀಟರಿನಲ್ಲಿ ದೊಡ್ಡ ಸಂಖ್ಯೆ ತೋರಿಸಿದ ಟ್ರಕ್ಕು ಇಲ್ಲಿ ಸೋಲಬಹುದು. ಹೆಚ್ಚು ಡೀಸೆಲ್ ಸುರಿದರೆ ಸಾಲದು, ಅದು ಉರಿಯಲು ಟರ್ಬೊ ತಕ್ಕಷ್ಟು ಗಾಳಿ ಒದಗಿಸಬೇಕು. ದಟ್ಟ ಕಪ್ಪುಹೊಗೆ ಪೂರ್ತಿ ಉರಿಯದ ಇಂಧನದ ಗುರುತು. ಭಾರ ಏರಿದಾಗ ಎಂಜಿನ್ನಿನ ವೇಗ ಕುಸಿಯಬಾರದು. ಟೈರು ಮಣ್ಣನ್ನು ಕಚ್ಚಬೇಕು, ಮುಂಚಕ್ರ ಹಗುರಾಗದಂತೆ ತೂಕ ಹಂಚಿರಬೇಕು. ಸ್ಪರ್ಧೆಯಲ್ಲಿ ಉಳಿಯುವವನು ಇವೆಲ್ಲವನ್ನೂ ಹೊಂದಿಸಬಲ್ಲವನು.

ಮಗೂ, ನಿನ್ನ ಪ್ರಶ್ನೆಗೆ ಉತ್ತರವಿಷ್ಟೇ: ಮಾರುವವನ ಮಾತನ್ನು ನಂಬಬೇಕಿಲ್ಲ; ಮಾರದವರಿಂದ ಅಳೆಸಬೇಕು, ಆಮೇಲೆ ನೆಲದ ಮೇಲೆ ಎಳೆಸಿ ನೋಡಬೇಕು. ಅಂದು ಗದರಿಸಿದ್ದು ನನ್ನ ತಪ್ಪು. ನೀನು ಕೇಳಿದ್ದನ್ನೇ ನೆಬ್ರಾಸ್ಕಾದ ಆ ರೈತನೂ ಕೇಳಿದ್ದ.

ಇಂತಿ,
ನಿಮ್ಮ ಮೇಷ್ಟ್ರು